ಕೆಡವುವ ಕೆಲಸದ ಚರಿತ್ರೆ

ಕಮಲಾಪುರದ ಕೆಂಪು ಬಾಳೆಹಣ್ಣು ಹೆಚ್ಚು ಮಾಗಿದರೆ ಅದರ ತೊಟ್ಟಿನ ಸುತ್ತ ಪುಟ್ಟ ನೊಣಗಳು ಮುತ್ತಿಕೊಳ್ಳುತ್ತವೆ. ಕಲಬುರಗಿಯ ಜಗತ್ ವೃತ್ತದ ಸುತ್ತಮುತ್ತ ಬಂಡಿಯಲ್ಲಿ ಹಣ್ಣು ಮಾರುವವರು ಬಟ್ಟೆ ಬೀಸಿ ಓಡಿಸಿದರೂ ಮರುಗಳಿಗೆಯಲ್ಲೇ ಮತ್ತೆ ಬಂದು ಕೂರುತ್ತವೆ. ಈ ಬಳಗಕ್ಕೆ ಸೇರಿದ ಡ್ರೊಸೊಫಿಲಾ ಎಂಬ ನೊಣವನ್ನು ವಿಜ್ಞಾನಿಗಳು ನೂರು ವರ್ಷಕ್ಕೂ ಮಿಕ್ಕಿ ಗಾಜಿನ ಸೀಸೆಗಳಲ್ಲಿ ಸಾಕುತ್ತ ಬಂದಿದ್ದಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅದನ್ನು ಸಾಕಿದ್ದೂ ಬಾಳೆಹಣ್ಣು ಹಾಕಿಯೇ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಈ ನೊಣದ ನೂರಾರು ತಳಿಗಳನ್ನು ಕಾಪಾಡುವ ಕೇಂದ್ರವಿದೆ.

1973ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮಾ ಅವರು ರೆಕ್ಕೆಯೇ ಮೂಡದ ನೊಣಗಳ ತಳಿಯೊಂದನ್ನು ವರದಿ ಮಾಡಿದರು. 1976ರಲ್ಲಿ ವಿ. ಎಲ್. ಚೋಪ್ರಾ ಅವರ ಜೊತೆ ಸೇರಿ ಅದರ ವಿವರ ಪ್ರಕಟಿಸಿದರು. ಆ ದೋಷಕ್ಕೆ ಅವರಿಟ್ಟ ಹೆಸರು ವಿಂಗ್‌ಲೆಸ್. ಅದೇ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬಾಗಿಲು ತೆರೆಯಿತು. ರೆಕ್ಕೆ ಇಲ್ಲದ ನೊಣಕ್ಕೂ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಯ ಕರುಳಿಗೂ ನಂಟಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ನಂಟು ಕಾಣಿಸಲು ಇನ್ನೂ ಕಾಲು ಶತಮಾನ ಬೇಕಾಯಿತು.

ಆ ನಂಟಿನ ಕೊಂಡಿ ಸಿಕ್ಕಿದ್ದು ಯಾರೂ ಹೆಚ್ಚು ಗಮನ ಕೊಡದಿದ್ದ ಮೂಲೆಯಲ್ಲಿ. ಜೀವಕೋಶ ತನ್ನ ಪ್ರೋಟೀನ್‌ಗಳನ್ನು ಕಟ್ಟುವುದು ಹೇಗೆ ಎಂದು ತಿಳಿಯಲು ಇಪ್ಪತ್ತನೆಯ ಶತಮಾನದ ಜೀವವಿಜ್ಞಾನ ಮುಗಿಬಿದ್ದಿತ್ತು. ಕಟ್ಟಿದ್ದನ್ನು ಕೆಡವುವುದು ಹೇಗೆ ಎಂದು ಕೇಳಿದವರು ಬೆರಳೆಣಿಕೆಯ ಜನ. ಕೊನೆಗೆ ದೊಡ್ಡಕರುಳಿನ ಕ್ಯಾನ್ಸರ್ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅವರ ಕೆಲಸವೇ. ಬೇಡವಾದ ಪ್ರೋಟೀನಿಗೆ ಗುರುತು ಅಂಟಿಸಿ ಅದನ್ನು ಕೆಡವಲು ಕಳಿಸುವ ಕಿಣ್ವಗಳು ನಮ್ಮ ಮೈಯಲ್ಲಿವೆ. ಆ ಗುರುತು ಬೀಳುವುದು ತಪ್ಪಿದಾಗ ಕರುಳಿನ ಒಂದು ಕೋಶ ನಿಲ್ಲುವುದನ್ನು ಮರೆತು ಬೆಳೆಯುತ್ತದೆ.

ದೇಹ ದಿನವೂ ಹೊಸತಾಗುತ್ತದೆ

1930ರ ದಶಕದವರೆಗೆ ಪಾಠಪುಸ್ತಕಗಳು ದೇಹವನ್ನು ಒಂದು ಯಂತ್ರದಂತೆ ಕಂಡಿದ್ದವು. ಅನ್ನ ಇಂಧನ, ದೇಹದ ಪ್ರೋಟೀನ್ ಯಂತ್ರದ ಲೋಹ. ಇಂಧನ ಉರಿದು ಹೋಗುತ್ತದೆ, ಲೋಹ ಹಾಗೇ ಉಳಿಯುತ್ತದೆ ಎಂಬುದು ನಂಬಿಕೆ. ಇದನ್ನು ಮುರಿದವರು ರುಡಾಲ್ಫ್ ಶೋನ್‌ಹೈಮರ್. ಬರ್ಲಿನ್‌ನಲ್ಲಿ ಹುಟ್ಟಿದ ಈ ಯಹೂದಿ ವಿಜ್ಞಾನಿ 1933ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹೆರಾಲ್ಡ್ ಯೂರಿ ಅವರ ಪ್ರಯೋಗಾಲಯದಿಂದ ಭಾರ ನೈಟ್ರೋಜನ್ ಸಿಗುತ್ತಿತ್ತು. ಅದನ್ನು ಸೇರಿಸಿದ ಅಮೈನೋ ಆಮ್ಲವನ್ನು ಬೆಳೆದ ಇಲಿಗಳಿಗೆ ತಿನ್ನಿಸಿ, ಅದು ಎಲ್ಲಿ ಹೋಗುತ್ತದೆ ಎಂದು ಹುಡುಕಿದರು. ತೂಕ ಒಂದಿಷ್ಟೂ ಹೆಚ್ಚದ ಇಲಿಯ ಮೈಯ ಪ್ರೋಟೀನ್‌ಗಳಲ್ಲಿ ಆ ನೈಟ್ರೋಜನ್ ಸೇರಿಹೋಗಿತ್ತು. ಅಂದರೆ ಹಳೆಯದು ಒಡೆದು ಹೊರಹೋಗಿ ಅಷ್ಟೇ ಹೊಸದು ಒಳಗೆ ಬಂದಿತ್ತು. ಶೋನ್‌ಹೈಮರ್ 1941ರಲ್ಲಿ ತೀರಿಕೊಂಡರು. ಅವರ ಉಪನ್ಯಾಸಗಳ ಪುಸ್ತಕ ಹೊರಬಂದದ್ದು 1942ರಲ್ಲಿ.

1953ರಲ್ಲಿ ಮೆಲ್ವಿನ್ ಸಿಂಪ್ಸನ್ ಇನ್ನೊಂದು ವಿಚಿತ್ರ ಕಂಡರು. ಇಲಿಯ ಯಕೃತ್ತಿನ ತೆಳು ಹೋಳುಗಳಲ್ಲಿ ಪ್ರೋಟೀನ್ ಒಡೆಯಲು ಶಕ್ತಿ ಖರ್ಚಾಗುತ್ತಿತ್ತು. ಶಕ್ತಿಯ ಪೂರೈಕೆ ತಡೆದರೆ ಒಡೆಯುವುದೂ ನಿಲ್ಲುತ್ತಿತ್ತು. ರಸಾಯನಶಾಸ್ತ್ರ ಬಲ್ಲವರಿಗೆ ಇದು ಒಗಟು. ಕಟ್ಟುವುದಕ್ಕೆ ಶಕ್ತಿ ಬೇಕು, ಸರಿ. ಮುರಿದು ಬೀಳುವುದಕ್ಕೂ ಏಕೆ? ನಾವು ಉಂಡ ರೊಟ್ಟಿ-ಬೇಳೆಯ ಪ್ರೋಟೀನು ಹೊಟ್ಟೆಯಲ್ಲಿ ಒಡೆಯುವಾಗ ಕೋಶದ ಶಕ್ತಿಯನ್ನೇನೂ ಕೇಳುವುದಿಲ್ಲ. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಪತ್ತೆ ಮಾಡಿದ್ದರು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಅದನ್ನು ಕಂಡುಹಿಡಿದವರು ಭೀಮಾವರಂನಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್. ಸಿಂಪ್ಸನ್ನರ ಒಗಟಿನ ನಡುವೆ ನಿಂತದ್ದು ಇದೇ ಎಟಿಪಿ.

1955ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ದ ಡ್ಯೂವ್ ಜೀವಕೋಶದೊಳಗೆ ಲೈಸೋಸೋಮ್ ಎಂಬ ಸಣ್ಣ ಚೀಲವನ್ನು ಕಂಡುಹಿಡಿದರು. ಅದರೊಳಗೆ ಆಮ್ಲ, ಅರಗಿಸುವ ಕಿಣ್ವ. ಕೋಶದ ಪ್ರೋಟೀನೆಲ್ಲ ಒಡೆಯುವುದು ಇಲ್ಲೇ ಎಂದು ಹೆಚ್ಚಿನವರು ತೀರ್ಮಾನಿಸಿ ಸುಮ್ಮನಾದರು. ಆದರೆ ಒಂದೊಂದು ಪ್ರೋಟೀನಿಗೆ ಒಂದೊಂದು ಆಯಸ್ಸು. ಕೆಲವು ನಿಮಿಷಗಳಲ್ಲಿ ಮುಗಿಯುತ್ತವೆ, ಕೆಲವು ದಿನಗಟ್ಟಲೆ ಬಾಳುತ್ತವೆ. ಎಲ್ಲವನ್ನೂ ಒಟ್ಟಿಗೆ ನುಂಗಿ ಅರಗಿಸುವ ಚೀಲ ಇದು ಹೋಗಲಿ, ಅದು ಉಳಿಯಲಿ ಎಂದು ಆರಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಹೈಫಾದ ಕುದಿಸಿದ ರಕ್ತ

ಅವ್ರಾಮ್ ಹೆರ್ಷ್ಕೊ ಹುಟ್ಟಿದ್ದು 1937ರಲ್ಲಿ, ಹಂಗೇರಿಯ ಕಾರ್ಸಾಗ್ ಎಂಬ ಊರಲ್ಲಿ. 1944ರಲ್ಲಿ ನಾಜಿಗಳು ಆ ಊರಿನ ಯಹೂದಿಗಳನ್ನು ರೈಲಿಗೆ ತುಂಬಿದಾಗ ಆರು ವರ್ಷದ ಹುಡುಗ. ಹೆಚ್ಚಿನ ರೈಲುಗಳು ಆಶ್‌ವಿಟ್ಸ್‌ಗೆ ಹೋದವು. ಅವನ ಕುಟುಂಬ ಆಸ್ಟ್ರಿಯಾದ ದುಡಿಮೆಯ ಶಿಬಿರಕ್ಕೆ ಹೋಗಿ ಬದುಕಿತು. 1950ರಲ್ಲಿ ಅವರು ಇಸ್ರೇಲಿಗೆ ಬಂದರು. ವೈದ್ಯನಾದ ಹೆರ್ಷ್ಕೊ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾರ್ಡನ್ ಟಾಮ್‌ಕಿನ್ಸ್ ಬಳಿ ಕೆಲಸ ಕಲಿಯುವಾಗ ಸಿಂಪ್ಸನ್ನರ ಒಗಟನ್ನೇ ಮತ್ತೆ ಕಂಡರು. ಕೋಶದ ಶಕ್ತಿ ತಡೆದರೆ ಯಕೃತ್ತಿನ ಒಂದು ಕಿಣ್ವ ಒಡೆಯುವುದೇ ನಿಂತುಹೋಗುತ್ತಿತ್ತು. 1971ರಲ್ಲಿ ಹೈಫಾದ ಟೆಕ್ನಿಯಾನ್‌ಗೆ ಹಿಂದಿರುಗಿದಾಗ ಅವರು ಹಿಡಿದುಕೊಂಡು ಬಂದದ್ದು ಈ ಒಂದೇ ಪ್ರಶ್ನೆ. ಶಸ್ತ್ರಚಿಕಿತ್ಸಕನಾಗಬೇಕಿದ್ದ ಆರನ್ ಚೆಖನೋವರ್ ಸಂಶೋಧನೆಯ ಗೀಳು ಹತ್ತಿ ಅವರ ಶಿಷ್ಯನಾದರು.

ಅವರಿಗೆ ಬೇಕಿದ್ದದ್ದು ಲೈಸೋಸೋಮ್ ಇಲ್ಲದ ಕೋಶ. ಎಳೆಯ ಕೆಂಪು ರಕ್ತಕಣ ಅಂಥದ್ದು. ಬಲಿಯುವ ಹೊತ್ತಿಗೆ ಅದು ತನ್ನ ಒಳಗಿನ ಎಷ್ಟೋ ಸಾಮಾನನ್ನು ಒಡೆದು ಹಾಕುತ್ತದೆ, ಅದೂ ಲೈಸೋಸೋಮ್ ನೆರವಿಲ್ಲದೆ. 1977ರಲ್ಲಿ ಜೋಸೆಫ್ ಎಟ್ಲಿಂಗರ್ ಮತ್ತು ಆಲ್ಫ್ರೆಡ್ ಗೋಲ್ಡ್‌ಬರ್ಗ್ ಹಾರ್ವರ್ಡ್‌ನಲ್ಲಿ ಈ ಕಣಗಳ ರಸ ತೆಗೆದು, ಕೊಳವೆಯಲ್ಲೇ ಎಟಿಪಿ ಬಳಸಿ ಪ್ರೋಟೀನ್ ಒಡೆಯುವುದನ್ನು ತೋರಿಸಿದ್ದರು. ಹೈಫಾದ ತಂಡ ಮೊಲಗಳಿಗೆ ರಕ್ತಹೀನತೆ ಬರಿಸಿ, ಎಳೆಯ ಕಣಗಳು ಹೇರಳವಾಗಿ ಬರುವಂತೆ ಮಾಡಿ, ಆ ರಸವನ್ನು ರಾಳದ ಕೊಳವೆಯಲ್ಲಿ ಹಾಯಿಸಿತು. ನೇರ ಇಳಿದುಬಂದದ್ದು ಒಂದು ಭಾಗ, ಹಿಮೊಗ್ಲೋಬಿನ್ ತುಂಬಿ ಕಡುಗೆಂಪು. ಅಂಟಿಕೊಂಡು ನಂತರ ಉಪ್ಪುನೀರಿಗೆ ಬಿಟ್ಟದ್ದು ಇನ್ನೊಂದು ಭಾಗ. ಎರಡರಲ್ಲಿ ಯಾವುದೂ ಒಂಟಿಯಾಗಿ ಪ್ರೋಟೀನ್ ಒಡೆಯಲಿಲ್ಲ. ಬೆರೆಸಿದಾಗ ಮಾತ್ರ ಕೆಲಸ ನಡೆಯಿತು. ಒಡೆಯುವುದು ಒಂದು ಕಿಣ್ವದ ಕೆಲಸವಲ್ಲ, ಹಲವರು ಕೂಡಿ ಮಾಡುವ ಕೆಲಸ ಎಂದು ಗೊತ್ತಾದದ್ದು ಅಲ್ಲಿ.

ಮೊದಲ ಭಾಗದಲ್ಲಿ ಬೇಕಾದ್ದು ಯಾವುದು? ಹಿಮೊಗ್ಲೋಬಿನ್ ಅದನ್ನು ಮುಚ್ಚಿಟ್ಟಿತ್ತು. ಚೆಖನೋವರ್ ಆ ಕೆಂಪು ದ್ರವವನ್ನು ಕುದಿಸಿಬಿಟ್ಟರು. ಹಿಮೊಗ್ಲೋಬಿನ್ ಹೆಪ್ಪುಗಟ್ಟಿ ಕೆಸರಿನಂತೆ ತಳ ಸೇರಿತು. ಯಾವ ಪ್ರೋಟೀನೂ ಆ ಶಾಖಕ್ಕೆ ಉಳಿಯಲಾರದು ಅನ್ನಬೇಕು. ಆದರೆ ಮೇಲೆ ತೇಲಿದ ತಿಳಿನೀರನ್ನು ಎರಡನೆಯ ಭಾಗಕ್ಕೆ ಬೆರೆಸಿದರೆ ಒಡೆಯುವ ಕೆಲಸ ಮೊದಲಿನಂತೆಯೇ ನಡೆಯಿತು. ಕುದಿಯನ್ನೂ ತಾಳಿಕೊಂಡ ಒಂದು ಪುಟ್ಟ ಪ್ರೋಟೀನ್ ಆ ನೀರಿನಲ್ಲಿತ್ತು. 1978ರಲ್ಲಿ ಅದನ್ನು ಎಪಿಎಫ್-1 ಎಂದು ಕರೆದು ಪ್ರಕಟಿಸಿದರು.

ಮುಂದಿನ ಹೆಜ್ಜೆ ಇಟ್ಟದ್ದು ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಸೆಂಟರ್‌ನಲ್ಲಿ, ಇರ್ವಿನ್ ರೋಸ್ ಅವರ ಪ್ರಯೋಗಾಲಯದಲ್ಲಿ. ರೋಸ್ ಕೂಡ ವರ್ಷಗಳಿಂದ ಇದೇ ಒಗಟನ್ನು ಬಿಡಿಸಲು ಯತ್ನಿಸುತ್ತ, ಏನನ್ನೂ ಪ್ರಕಟಿಸದೆ ಕೂತಿದ್ದರು. ಎಪಿಎಫ್-1ಕ್ಕೆ ವಿಕಿರಣಶೀಲ ಅಯೋಡಿನ್ ಸೇರಿಸಿ ಅದು ಎಲ್ಲಿ ಹೋಗುತ್ತದೆಂದು ನೋಡಿದಾಗ, ಎಟಿಪಿ ಇದ್ದರೆ ಅದು ದೊಡ್ಡ ಪ್ರೋಟೀನ್‌ಗಳಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಮೇಲೆ ಅಂಟಿದ್ದಲ್ಲ, ರಾಸಾಯನಿಕ ಬಂಧದಿಂದ ಬೆಸೆದುಕೊಂಡದ್ದು. ಕುದಿಸಿದರೂ ಕ್ಷಾರ ಹಾಕಿದರೂ ಬಿಡಲಿಲ್ಲ. ಒಂದೇ ಪ್ರೋಟೀನಿಗೆ ಹಲವು ಎಪಿಎಫ್-1 ಅಂಟುತ್ತಿದ್ದವು. ಆಗ ಅರ್ಥವಾಯಿತು: ಎಪಿಎಫ್-1 ತಾನು ಯಾರನ್ನೂ ಒಡೆಯುವುದಿಲ್ಲ, ಒಡೆಯಬೇಕಾದ್ದು ಇದೇ ಎಂದು ಗುರುತು ಮಾತ್ರ ಹಾಕುತ್ತದೆ. ಎಟಿಪಿ ಖರ್ಚಾಗುವುದು ಗುರುತು ಹಾಕಲು. ಆರಿಸಿ ಒಡೆಯುವುದಕ್ಕೆ ತೆರಬೇಕಾದ ಬೆಲೆ ಅದು. 1980ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಎರಡು ಲೇಖನಗಳಾಗಿ ಇದು ಹೊರಬಂತು.

ಅದೇ ವರ್ಷ ಕೀತ್ ವಿಲ್ಕಿನ್ಸನ್, ಮೈಕೆಲ್ ಅರ್ಬನ್, ಆರ್ಥರ್ ಹಾಸ್ ಸೇರಿ ಎಪಿಎಫ್-1 ಎಂದರೆ ಯುಬಿಕ್ವಿಟಿನ್ ಎಂದು ತೋರಿಸಿದರು. 76 ಅಮೈನೋ ಆಮ್ಲಗಳ ಈ ಪುಟ್ಟ ಪ್ರೋಟೀನನ್ನು ಗಿಡಿಯನ್ ಗೋಲ್ಡ್‌ಸ್ಟೈನ್ 1975ರಲ್ಲೇ ವರದಿ ಮಾಡಿದ್ದರು, ಅದರ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. 1983ರ ಹೊತ್ತಿಗೆ ಗುರುತು ಹಾಕುವ ಮೂರು ಕಿಣ್ವಗಳ ಸರಪಳಿ ಸ್ಪಷ್ಟವಾಯಿತು. ಇ-1 ಎಟಿಪಿ ಖರ್ಚು ಮಾಡಿ ಯುಬಿಕ್ವಿಟಿನನ್ನು ಸಿದ್ಧಗೊಳಿಸುತ್ತದೆ. ಇ-2 ಅದನ್ನು ಹೊತ್ತು ತರುತ್ತದೆ. ಇ-3 ಯಾವ ಪ್ರೋಟೀನಿಗೆ ಗುರುತು ಹಾಕಬೇಕೆಂದು ಆರಿಸಿ ಅಂಟಿಸುತ್ತದೆ. ಮನುಷ್ಯನಲ್ಲಿ ಇ-1 ಎರಡೇ, ಇ-2 ಸುಮಾರು 40, ಇ-3 ಮಾತ್ರ 600ಕ್ಕೂ ಹೆಚ್ಚು. ಆರಿಸುವ ಹೊಣೆ ಇ-3ರದು, ಅದಕ್ಕೇ ಅಷ್ಟೊಂದು ಬಗೆ. ಅಂಟಿಸಿದ ಗುರುತನ್ನು ಕಿತ್ತುಹಾಕುವ ಕಿಣ್ವಗಳೂ ಸುಮಾರು 100 ಇವೆ. ಗುರುತು ಬಿದ್ದ ಪ್ರೋಟೀನನ್ನು ಕತ್ತರಿಸುವ ದೊಡ್ಡ ಯಂತ್ರಕ್ಕೆ 1988ರಲ್ಲಿ ಪ್ರೋಟಿಯಾಸೋಮ್ ಎಂಬ ಹೆಸರು ಬಂತು.

ಇದೆಲ್ಲ ಕೊಳವೆಯೊಳಗಿನ ರಸಾಯನವಾಯಿತು. ಬದುಕಿರುವ ಕೋಶಕ್ಕೆ ಇದು ಬೇಕೇ? 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ವಾರ್ಷಾವ್ಸ್ಕಿ, ಡ್ಯಾನಿಯಲ್ ಫಿನ್ಲಿ ಮತ್ತು ಚೆಖನೋವರ್ ಇಲಿಯ ಒಂದು ಕೋಶತಳಿಯನ್ನು ನೋಡಿದರು. ಶಾಖ ಏರಿದರೆ ಅದರ ಇ-1 ಕಿಣ್ವ ಕೆಡುತ್ತಿತ್ತು. ಇ-1 ಕೆಟ್ಟೊಡನೆ ಅಲ್ಪಾಯುಷಿ ಪ್ರೋಟೀನ್‌ಗಳು ಒಡೆಯುವುದು ನಿಂತಿತು, ಕೋಶ ಹೋಳಾಗುವುದೂ ನಿಂತಿತು. ಕೆಡವುವುದು ಕೋಶದ ದಿನನಿತ್ಯದ ಅಗತ್ಯ ಎಂದು ಸಾಬೀತಾಯಿತು. ಹೆರ್ಷ್ಕೊ, ಚೆಖನೋವರ್ ಮತ್ತು ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಕರುಳಿನ ರೋಗ ಬಂದ ಕುಟುಂಬಗಳು

ಇತ್ತ ಕರುಳಿನ ಕಥೆ ಬೇರೆ ಕಡೆ ನಡೆಯುತ್ತಿತ್ತು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಗೆ ಕೆಲವು ಮನೆತನಗಳಿಂದ ತಂದೆ, ನಂತರ ಮಗ, ನಂತರ ಮೊಮ್ಮಗಳು ಹೀಗೆ ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಅವರ ದೊಡ್ಡಕರುಳಿನ ಒಳಗೆ ನೂರಾರು, ಕೆಲವರಲ್ಲಿ ಸಾವಿರಾರು ಪಾಲಿಪ್‌ಗಳು, ಅಂದರೆ ಕರುಳಿನ ಒಳಪದರದಿಂದ ಎದ್ದ ಪುಟ್ಟ ಗಂಟುಗಳು. ಚಿಕಿತ್ಸೆ ಸಿಗದಿದ್ದರೆ ನಲವತ್ತರ ಆಸುಪಾಸಿಗೆ ಅವುಗಳಲ್ಲಿ ಯಾವುದೋ ಒಂದು ಕ್ಯಾನ್ಸರ್ ಆಗುವುದು ಬಹುತೇಕ ಖಚಿತ. ಶಸ್ತ್ರಚಿಕಿತ್ಸಕ ಲಾಕ್‌ಹಾರ್ಟ್-ಮಮ್ಮರಿ ಮತ್ತು ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್ 1920ರ ದಶಕದಲ್ಲಿ ಈ ಮನೆತನಗಳ ವಂಶವೃಕ್ಷ ಬರೆದಿಡಲು ಆರಂಭಿಸಿದರು. ಹುಡುಗನಾಗಿ ಪ್ರಯೋಗಾಲಯ ಸೇರಿದ ಬಸ್ಸಿ ಎಂಬವರು ಆ ದಾಖಲೆಗಳನ್ನು ದಶಕಗಳ ಕಾಲ ಕಾಪಾಡಿ, 1975ರಲ್ಲಿ ಅವುಗಳ ಮೇಲೆ ಗ್ರಂಥವನ್ನೇ ಬರೆದರು. ಕ್ಯಾನ್ಸರ್ ಸಂಶೋಧನೆಗೆ ದೊಡ್ಡ ಯಂತ್ರಗಳಷ್ಟೇ ಶ್ರದ್ಧೆಯ ಕಡತಗಳೂ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಮ್ಮಲ್ಲೂ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಐಸಿಎಂಆರ್ ಯೋಜನೆಯಡಿ ಊರಿನ ಕ್ಯಾನ್ಸರ್‌ಗಳ ದಾಖಲಾತಿ ಇಡುತ್ತ ಬಂದಿದೆ.

1986ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಲೆಮುಯೆಲ್ ಹೆರೇರಾ ಮತ್ತು ಸಂಗಡಿಗರು ಪಾಲಿಪ್‌ಗಳಿದ್ದ ಒಬ್ಬ ರೋಗಿಯ 5ನೆಯ ವರ್ಣತಂತುವಿನ ಒಂದು ತುಣುಕು ಇಲ್ಲದಿರುವುದನ್ನು ಕಂಡರು. ಅದು ದಿಕ್ಕು ತೋರಿಸಿತು. ಮರುವರ್ಷ ಲಂಡನ್ನಿನಲ್ಲಿ ವಾಲ್ಟರ್ ಬಾಡ್ಮರ್ ತಂಡವೂ ಯೂಟಾದ ತಂಡವೂ ಕುಟುಂಬಗಳ ರಕ್ತದಿಂದ ಅದನ್ನೇ ದೃಢಪಡಿಸಿದವು. 1991ರ ಆಗಸ್ಟ್‌ನಲ್ಲಿ ಬರ್ಟ್ ವೋಗಲ್‌ಸ್ಟೈನ್, ಕೆನೆತ್ ಕಿಂಜ್ಲರ್ ಮತ್ತು ಜಪಾನಿನ ಯುಸುಕೆ ನಕಮುರಾ ಒಂದೆಡೆ, ಯೂಟಾದ ರೇ ವೈಟ್ ಇನ್ನೊಂದೆಡೆ ಆ ಜೀನನ್ನು ಹಿಡಿದರು. ಹೆಸರು ಎಪಿಸಿ. ಅದು ಕೊಡುವ ಪ್ರೋಟೀನ್ 2,843 ಅಮೈನೋ ಆಮ್ಲಗಳಷ್ಟು ದೊಡ್ಡದು. ಮನೆತನದ ರೋಗವಿಲ್ಲದ ಸಾಮಾನ್ಯ ರೋಗಿಗಳ ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲೂ ಸುಮಾರು 80 ಶೇಕಡಾದಲ್ಲಿ ಇದೇ ಜೀನ್ ಕೆಟ್ಟಿರುತ್ತದೆ. ಆದರೆ ಎಪಿಸಿ ಮಾಡುವ ಕೆಲಸವೇನು? 1991ರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡು ಹೊಳೆ ಕೂಡಿದ ಜಾಗ

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಅಮರ್ಜಾ ಬಂದು ಭೀಮೆಯನ್ನು ಕೂಡುವ ಹಾಗೆ, ಕೆಡವುವ ಕೆಲಸದ ಚರಿತ್ರೆಯೂ ಕರುಳಿನ ರೋಗದ ಚರಿತ್ರೆಯೂ 1993ರಿಂದ 1999ರವರೆಗಿನ ಆರು ವರ್ಷಗಳಲ್ಲಿ ಕೂಡಿಕೊಂಡವು. ಅದಕ್ಕೆ ದಾರಿ ತೋರಿದವು ಆ ದೆಹಲಿಯ ನೊಣಗಳು.

1982ರಲ್ಲಿ ರೋಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಇಲಿಯ ಸ್ತನ ಕ್ಯಾನ್ಸರಿನಲ್ಲಿ ಒಂದು ಜೀನ್ ಕಂಡಿದ್ದರು. 1987ರಲ್ಲಿ ಅದು ನೊಣದ ವಿಂಗ್‌ಲೆಸ್ ಜೀನ್‌ನ ಒಡಹುಟ್ಟು ಎಂದು ತಿಳಿಯಿತು. ಎರಡೂ ಜೀನ್‌ಗಳ ಹೆಸರು ಬೆಸೆದು ವಿಂಟ್ ಎಂದಾಯಿತು. ವಿಂಟ್ ಎಂಬುದು ಒಂದು ಕೋಶ ಪಕ್ಕದ ಕೋಶಕ್ಕೆ ಬೆಳೆ, ಹೋಳಾಗು ಎಂದು ಕಳಿಸುವ ಸಂದೇಶ. ಆ ಸಂದೇಶವನ್ನು ಕೋಶದೊಳಗೆ ಹೊತ್ತೊಯ್ಯುವುದು ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್. 1993ರಲ್ಲಿ ಎರಡು ತಂಡಗಳು ಎಪಿಸಿ ಇದೇ ಬೀಟಾ-ಕ್ಯಾಟೆನಿನನ್ನು ಹಿಡಿದುಕೊಳ್ಳುತ್ತದೆ ಎಂದು ತೋರಿಸಿದವು. 1995ರಲ್ಲಿ ಪಾಲ್ ಪೊಲಾಕಿಸ್ ತಂಡ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳಿಗೆ ಸರಿಯಾದ ಎಪಿಸಿ ಸೇರಿಸಿದಾಗ, ಅಲ್ಲಿ ರಾಶಿಬಿದ್ದಿದ್ದ ಬೀಟಾ-ಕ್ಯಾಟೆನಿನ್ ಇಳಿದುಹೋಯಿತು.

ಎಲ್ಲಿ ಹೋಯಿತು ಎಂಬುದಕ್ಕೆ 1997ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ರೋಲ್ಫ್ ಕೆಮ್ಲರ್ ತಂಡ ಉತ್ತರಿಸಿತು. ಪ್ರೋಟಿಯಾಸೋಮ್ ಕೆಲಸ ತಡೆಯುವ ಮದ್ದು ಹಾಕಿದರೆ ಯುಬಿಕ್ವಿಟಿನ್ ಅಂಟಿದ ಬೀಟಾ-ಕ್ಯಾಟೆನಿನ್ ಕೋಶದಲ್ಲಿ ಜಮೆಯಾಗುತ್ತಿತ್ತು. ಅಂದರೆ ಮಾಮೂಲಿಯಾಗಿ ಅದಕ್ಕೆ ಗುರುತು ಬಿದ್ದು ಅದು ಒಡೆದುಹೋಗುತ್ತದೆ. ಅದೇ ವರ್ಷ ವೋಗಲ್‌ಸ್ಟೈನ್ ಮತ್ತು ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಕೂಡಿ, ಎಪಿಸಿ ಸರಿಯಾಗಿರುವ ಕೆಲವು ಕರುಳಿನ ಗಡ್ಡೆಗಳಲ್ಲಿ ಬೀಟಾ-ಕ್ಯಾಟೆನಿನ್ ತಾನೇ ಬದಲಾಗಿರುವುದನ್ನು ತೋರಿಸಿದರು. ಬದಲಾದದ್ದು ಗುರುತು ಬೀಳುವ ಮುನ್ನ ಸಿದ್ಧತೆ ನಡೆಯುವ ಜಾಗದಲ್ಲೇ. ಗುರುತು ಹಾಕುವ ಕಡೆ ಕೆಡಲಿ, ಗುರುತು ಹಾಕಿಸಿಕೊಳ್ಳುವ ಕಡೆ ಕೆಡಲಿ, ಫಲ ಒಂದೇ: ಬೀಟಾ-ಕ್ಯಾಟೆನಿನ್ ಸಾಯುವುದಿಲ್ಲ.

ಇ-3 ಕಿಣ್ವ ಯಾವುದು ಎಂಬುದಕ್ಕೂ ಸುಳಿವು ಕೊಟ್ಟದ್ದು ನೊಣವೇ. 1998ರಲ್ಲಿ ಜಿನ್ ಜಿಯಾಂಗ್ ಮತ್ತು ಗ್ಯಾರಿ ಸ್ಟ್ರುಲ್ ಸ್ಲಿಂಬ್ ಎಂಬ ಜೀನ್ ಕೆಟ್ಟ ನೊಣಗಳಲ್ಲಿ ವಿಂಗ್‌ಲೆಸ್‌ನ ಸಂದೇಶ ಬೇಡದ ಕಡೆಯೂ ಹಬ್ಬುವುದನ್ನು ಕಂಡರು. ಮನುಷ್ಯನಲ್ಲಿ ಅದರ ಜೋಡಿ ಬೀಟಾ-ಟಿಆರ್‌ಸಿಪಿ. 1999ರ ಹೊತ್ತಿಗೆ ಬೀಟಾ-ಕ್ಯಾಟೆನಿನ್‌ಗೆ ಯುಬಿಕ್ವಿಟಿನ್ ಅಂಟಿಸುವ ಇ-3ರ ಆರಿಸುವ ಭಾಗ ಇದೇ ಎಂದು ಹಲವು ತಂಡಗಳು ದೃಢಪಡಿಸಿದವು.

ಈಗ ಚಿತ್ರ ಪೂರ್ತಿಯಾಯಿತು. ದೊಡ್ಡಕರುಳಿನ ಒಳಪದರದಲ್ಲಿ ಲಕ್ಷಾಂತರ ಸಣ್ಣ ಕುಳಿಗಳಿವೆ. ಕುಳಿಯ ತಳದಲ್ಲಿ ಮೂಲಕೋಶಗಳು ವಿಂಟ್ ಸಂದೇಶ ಕೇಳುತ್ತ ಹೋಳಾಗುತ್ತವೆ. ಹೊಸ ಕೋಶಗಳು ಮೇಲೆ ಸರಿಯುತ್ತ ಸಂದೇಶದಿಂದ ದೂರವಾಗುತ್ತವೆ. ಆಗ ಎಪಿಸಿ, ಆಕ್ಸಿನ್ ಮತ್ತು ಜಿಎಸ್‌ಕೆ-3 ಎಂಬ ಪ್ರೋಟೀನ್‌ಗಳು ಕೂಡಿ ಬೀಟಾ-ಕ್ಯಾಟೆನಿನನ್ನು ಹಿಡಿದು ಅದಕ್ಕೆ ಫಾಸ್ಫೇಟ್ ಹಚ್ಚುತ್ತವೆ. ಫಾಸ್ಫೇಟ್ ನೋಡಿ ಬೀಟಾ-ಟಿಆರ್‌ಸಿಪಿ ಗುರುತು ಅಂಟಿಸುತ್ತದೆ, ಪ್ರೋಟಿಯಾಸೋಮ್ ಒಡೆಯುತ್ತದೆ. ಕೋಶ ಹೋಳಾಗುವುದು ನಿಲ್ಲಿಸಿ, ನೀರು ಹೀರುವ ತನ್ನ ಕೆಲಸ ಮಾಡಿ, ನಾಲ್ಕೈದು ದಿನಗಳಲ್ಲಿ ಉದುರಿಹೋಗುತ್ತದೆ. ಎಪಿಸಿ ಕೆಟ್ಟ ಕೋಶದಲ್ಲಿ ಈ ಸರಪಳಿ ಮೊದಲ ಕೊಂಡಿಯಲ್ಲೇ ಕಡಿಯುತ್ತದೆ. ಉಳಿದುಕೊಂಡ ಬೀಟಾ-ಕ್ಯಾಟೆನಿನ್ ಕೋಶದ ಬೀಜಕ್ಕೆ ನುಗ್ಗಿ ಮಿಕ್ ಮುಂತಾದ ಬೆಳವಣಿಗೆಯ ಜೀನ್‌ಗಳನ್ನು ತೆರೆದಿಡುತ್ತದೆ. ಸಂದೇಶ ಯಾರೂ ಕಳಿಸದಿದ್ದರೂ ಆ ಕೋಶ ಸಂದೇಶ ಬಂದಂತೆಯೇ ಬೆಳೆಯುತ್ತದೆ. ಪಾಲಿಪ್ ಹುಟ್ಟುವುದು ಹೀಗೆ.

ಇನ್ನೂ ಎರಡು ಕಿಣ್ವಗಳು

ಸರಪಳಿ ಅಲ್ಲಿಗೇ ಮುಗಿಯಲಿಲ್ಲ. ಎಫ್‌ಬಿಎಕ್ಸ್‌ಡಬ್ಲ್ಯೂ7 ಎಂಬ ಇನ್ನೊಂದು ಇ-3 ಭಾಗವಿದೆ. ಮಿಕ್, ಸೈಕ್ಲಿನ್-ಇ, ನಾಚ್ ಮುಂತಾದ ಬೆಳವಣಿಗೆಯ ಪ್ರೋಟೀನ್‌ಗಳಿಗೆ ಸಮಯಕ್ಕೆ ಸರಿಯಾಗಿ ಗುರುತು ಹಾಕುವುದು ಇದರ ಕೆಲಸ. 2004ರಲ್ಲಿ ಹರೀತ್ ರಾಜಗೋಪಾಲನ್ ಮತ್ತು ವೋಗಲ್‌ಸ್ಟೈನ್ ತಂಡ ದೊಡ್ಡಕರುಳಿನ ಗಡ್ಡೆಗಳಲ್ಲಿ ಈ ಜೀನ್ ಕೆಡುವುದನ್ನೂ, ಅದು ಕೆಟ್ಟರೆ ವರ್ಣತಂತುಗಳ ಲೆಕ್ಕವೇ ಏರುಪೇರಾಗುವುದನ್ನೂ ತೋರಿಸಿತು. ಹತ್ತು ಗಡ್ಡೆಗಳಲ್ಲಿ ಸರಿಸುಮಾರು ಒಂದರಲ್ಲಿ ಈ ದೋಷವಿರುತ್ತದೆ.

2012ರಲ್ಲಿ ಆರ್‌ಎನ್‌ಎಫ್43 ಎಂಬ ಇ-3ರ ಸರದಿ ಬಂತು. ಕ್ಲೆವರ್ಸ್ ತಂಡ ತೋರಿಸಿದಂತೆ ಇದು ವಿಂಟ್ ಸಂದೇಶ ಕೇಳುವ ಕಿವಿಯನ್ನೇ, ಅಂದರೆ ಕೋಶದ ಮೇಲ್ಮೈಯ ಗ್ರಾಹಕವನ್ನೇ, ಕಿತ್ತು ಒಳಗೆಳೆದು ನಾಶಕ್ಕೆ ಕಳಿಸುತ್ತದೆ. ಇದು ಕೆಟ್ಟರೆ ಕೋಶದ ಮೈತುಂಬ ಗ್ರಾಹಕಗಳು ತುಂಬಿ, ಸಣ್ಣ ಸಂದೇಶವೂ ದೊಡ್ಡದಾಗಿ ಕೇಳುತ್ತದೆ. 2014ರಲ್ಲಿ ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ 18 ಶೇಕಡಾದಷ್ಟರಲ್ಲಿ ಈ ಜೀನ್ ಕೆಟ್ಟಿರುವುದು ವರದಿಯಾಯಿತು. ಮೂರು ದೋಷ, ಮೂರು ಜಾಗ. ಮೂರರಲ್ಲೂ ಕೆಟ್ಟದ್ದು ತೆಗೆದುಹಾಕುವ ವ್ಯವಸ್ಥೆಯೇ.

ನಮ್ಮ ಭಾಗದ ಹೆಣ್ಣುಮಕ್ಕಳನ್ನು ಕಾಡುವ ಗರ್ಭಕಂಠದ ಕ್ಯಾನ್ಸರ್ ಕೂಡ ಇದೇ ವ್ಯವಸ್ಥೆಯನ್ನು ಇನ್ನೊಂದು ಕಡೆಯಿಂದ ಕೆಡಿಸುತ್ತದೆ. ಎಚ್‌ಪಿವಿ ವೈರಾಣುವಿನ ಇ6 ಪ್ರೋಟೀನ್ ನಮ್ಮದೇ ಒಂದು ಇ-3 ಕಿಣ್ವವನ್ನು ದಾರಿ ತಪ್ಪಿಸಿ, ಕೋಶವನ್ನು ಕಾಯುವ ಪಿ53 ಪ್ರೋಟೀನಿಗೆ ಗುರುತು ಹಾಕಿಸುತ್ತದೆ. ಮಾರ್ಟಿನ್ ಶೆಫ್ನರ್ ಮತ್ತು ಪೀಟರ್ ಹೌಲಿ ತಂಡ ಇದನ್ನು 1990ರಿಂದ 1993ರ ನಡುವೆ ತೋರಿಸಿತು. ಕರುಳಿನಲ್ಲಿ ಹೋಗಬೇಕಾದ್ದು ಉಳಿಯುತ್ತದೆ, ಗರ್ಭಕಂಠದಲ್ಲಿ ಉಳಿಯಬೇಕಾದ್ದು ಹೋಗುತ್ತದೆ.

ಮದ್ದಿನ ಕಡೆಗೆ

2003ರಲ್ಲಿ ಪ್ರೋಟಿಯಾಸೋಮನ್ನು ತಡೆಯುವ ಬೋರ್ಟೆಜೊಮಿಬ್ ಎಂಬ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಲ್ಟಿಪಲ್ ಮೈಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರಿನಲ್ಲಿ ಅದು ಎಷ್ಟೋ ಜನರ ಬದುಕು ಹಿಗ್ಗಿಸಿದೆ. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಮಾತ್ರ ಫಲ ಕೊಡಲಿಲ್ಲ. ಅಲ್ಲಿನ ತೊಂದರೆಯೇ ಬೀಟಾ-ಕ್ಯಾಟೆನಿನ್ ಒಡೆಯದಿರುವುದು; ಒಡೆಯುವ ಯಂತ್ರವನ್ನು ನಿಲ್ಲಿಸಿದರೆ ಆ ತೊಂದರೆ ತೀರುವುದಿಲ್ಲ. ಬೇಕಾದ್ದು ತಪ್ಪಿಸಿಕೊಂಡ ಪ್ರೋಟೀನಿಗೆ ಗುರುತು ಬೀಳುವಂತೆ ಮಾಡುವ ಮದ್ದು. 2001ರಲ್ಲಿ ಕ್ರೇಗ್ ಕ್ರ್ಯೂಸ್ ಮತ್ತು ರೇಮಂಡ್ ಡೆಶೈಸ್ ಒಂದು ಕೈಯಲ್ಲಿ ಇ-3ನ್ನೂ ಇನ್ನೊಂದು ಕೈಯಲ್ಲಿ ರೋಗದ ಪ್ರೋಟೀನನ್ನೂ ಹಿಡಿದು ಹತ್ತಿರ ತರುವ ಅಣುವನ್ನು ರೂಪಿಸಿದರು. 2010ರಲ್ಲಿ ಜಪಾನಿನ ಹಿರೋಶಿ ಹಂಡಾ ತಂಡ ಥಾಲಿಡೊಮೈಡ್ ಎಂಬ ಮದ್ದು ಹಿಡಿಯುವುದು ಸೆರೆಬ್ಲಾನ್ ಎಂಬ ಇ-3 ಭಾಗವನ್ನು ಎಂದು ತೋರಿಸಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲೂ ಯುಬಿಕ್ವಿಟಿನ್‌ನ ರಚನೆ ಮತ್ತು ನಡವಳಿಕೆಯ ಮೇಲೆ ಸಂಶೋಧನೆ ನಡೆದಿದೆ. ಆದರೆ ಕರುಳಿನ ಬೀಟಾ-ಕ್ಯಾಟೆನಿನ್‌ಗೆ ಗುರುತು ಹಾಕಿಸಿ ಕ್ಯಾನ್ಸರ್ ಗುಣಪಡಿಸುವ ಮದ್ದು ಆಸ್ಪತ್ರೆಯ ಕಪಾಟಿಗೆ ಇನ್ನೂ ಬಂದಿಲ್ಲ.

ಕಲಬುರಗಿಗೆ ಈ ಚರಿತ್ರೆ ಹೇಳುವುದೇನು

ಜಗತ್ತಿನಲ್ಲಿ 2022ರಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಂತು, ಸುಮಾರು 9 ಲಕ್ಷ ಜನ ಅದರಿಂದ ಸತ್ತರು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 70 ಸಾವಿರ. ಜನಸಂಖ್ಯೆಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಪಶ್ಚಿಮದ ದೇಶಗಳಷ್ಟಿಲ್ಲ. ಆದರೆ ಬಂದವರು ತಡವಾಗಿ ಬರುತ್ತಾರೆ, ಅವರಲ್ಲಿ ಚಿಕ್ಕ ವಯಸ್ಸಿನವರೂ ಕಡಿಮೆ ಇಲ್ಲ. ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂದುಕೊಳ್ಳುತ್ತೇವೆ. ಮನೆಯಲ್ಲಿ ಉರ್ದು ಆಡುವವರು ಬವಾಸೀರ್ ಅನ್ನುತ್ತಾರೆ. ಯಾರಿಗೂ ಹೇಳಲು ನಾಚಿಕೆ. ರಸ್ತೆಬದಿಯ ಬೋರ್ಡು ನೋಡಿ ಹೋಗಿ ಒಂದು ಪುಡಿ, ಒಂದು ಲೇಪ ತಂದು ತಿಂಗಳುಗಟ್ಟಲೆ ಹಚ್ಚುತ್ತೇವೆ. ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಆಗಿರುತ್ತದೆ ನಿಜ. ಉಳಿದವರಿಗೆ ಆ ತಿಂಗಳುಗಳು ಹಿಂದಿರುಗಿ ಬಾರವು.

ಚರಿತ್ರೆ ಇಲ್ಲಿ ಒಂದು ಸಮಾಧಾನವನ್ನೂ ಕೊಡುತ್ತದೆ. ಎಪಿಸಿ ಕೆಟ್ಟ ಮೊದಲ ಕೋಶದಿಂದ ಕ್ಯಾನ್ಸರ್‌ವರೆಗೆ ಒಂದೇ ಹೆಜ್ಜೆ ಇಲ್ಲ. 1990ರಲ್ಲಿ ಎರಿಕ್ ಫಿಯರನ್ ಮತ್ತು ವೋಗಲ್‌ಸ್ಟೈನ್ ತೋರಿಸಿದಂತೆ ಒಂದರ ಮೇಲೊಂದು ದೋಷ ಸೇರಬೇಕು, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಕೋಶ ತಾನೇ ಕೆಡವಲಾರದ್ದನ್ನು ಅಷ್ಟರಲ್ಲಿ ವೈದ್ಯರು ತೆಗೆದುಹಾಕಬಹುದು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪ್ ಒಳಗಿಂದಲೇ ತಂತಿಯ ಕುಣಿಕೆ ಹಾಕಿ ಪಾಲಿಪ್ ಕತ್ತರಿಸುವುದನ್ನು ರೂಢಿಗೆ ತಂದರು. 1993ರಲ್ಲಿ ಸಿಡ್ನಿ ವಿನಾವರ್ ತಂಡ ಹೀಗೆ ಪಾಲಿಪ್ ತೆಗೆಸಿಕೊಂಡವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ನಿರೀಕ್ಷಿತ ಲೆಕ್ಕಕ್ಕಿಂತ 76ರಿಂದ 90 ಶೇಕಡಾ ಕಡಿಮೆಯಾದುದನ್ನು ತೋರಿಸಿತು. ಈ ರೋಗದಲ್ಲಿ ಇಷ್ಟು ದೊಡ್ಡ ಗೆಲುವು ಬೇರೆ ಯಾವ ಮದ್ದಿನಿಂದಲೂ ಬಂದಿಲ್ಲ.

ಕಲಬುರಗಿಯಲ್ಲಿ 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಇದೆ. ಕಮಲಾಪುರದ ರೈತ ಬೆಂಗಳೂರಿಗೆ ರಾತ್ರಿಯಿಡೀ ರೈಲಿನಲ್ಲಿ ಹೋಗಿಯೇ ತೋರಿಸಿಕೊಳ್ಳಬೇಕಾದ ಕಾಲ ಇದಲ್ಲ. ಆದರೂ ಸರ್ಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠ ಸೇರಿವೆ, ಕರುಳು ಸೇರಿಲ್ಲ. ಹಾಗಾಗಿ ಇದರ ಹೊಣೆ ಸದ್ಯಕ್ಕೆ ಮನೆಯವರದೂ ಊರ ವೈದ್ಯರದೂ ಆಗಿದೆ. ಮಲದಲ್ಲಿ ರಕ್ತ ಬಿದ್ದರೆ, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾಗಿ ನಿಂತರೆ, ಕಾರಣವಿಲ್ಲದೆ ರಕ್ತಹೀನತೆ ಬಂದರೆ, ತೂಕ ಇಳಿದರೆ ವೈದ್ಯರು ಬೆರಳು ಹಾಕಿ ಪರೀಕ್ಷೆ ಮಾಡಲಿ, ಬೇಕಾದರೆ ಕೊಲೊನೋಸ್ಕೋಪಿ ಮಾಡಲಿ. ಅಪ್ಪನಿಗೋ ಅಕ್ಕನಿಗೋ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದ ಮಕ್ಕಳು ಲಕ್ಷಣ ಕಾಣುವವರೆಗೆ ಕಾಯದೆ ಮುಂಚೆಯೇ ತೋರಿಸಿಕೊಳ್ಳಲಿ. ಸೇಂಟ್ ಮಾರ್ಕ್ಸ್‌ನ ಬಸ್ಸಿ ಬರೆದಿಟ್ಟ ವಂಶವೃಕ್ಷಗಳ ಪಾಠ ಅದೇ: ಮನೆಯ ರೋಗದ ಕಥೆಯನ್ನು ಮುಚ್ಚಿಡದೆ ಹೇಳಿಕೊಂಡ ಕುಟುಂಬದಲ್ಲಿ ಮುಂದಿನ ಪೀಳಿಗೆ ಉಳಿಯಿತು.

ರೆಕ್ಕೆಯಿಲ್ಲದ ನೊಣದ ತಳಿ ಉಳಿಸಿಟ್ಟವರು, ಕೆಲಸಕ್ಕೆ ಬಾರದ್ದೆಂದು ತೋರಿದ ರಸದ ಅರ್ಧವನ್ನೂ ಚೆಲ್ಲದೆ ಕುದಿಸಿ ನೋಡಿದವರು, ಅನಾಮಿಕ ಕುಟುಂಬಗಳ ಕಡತ ಕಾದವರು, ಯಾರೂ ಕ್ಯಾನ್ಸರ್ ಗೆಲ್ಲುತ್ತೇವೆಂದು ಹೊರಟವರಲ್ಲ. ಎಲ್ಲರೂ ತಮ್ಮೆದುರಿನ ಪ್ರಶ್ನೆಗೆ ನಿಷ್ಠರಾಗಿದ್ದರು. ಅವರ ಎಪ್ಪತ್ತು ವರ್ಷಗಳ ದುಡಿಮೆ ನಮಗೆ ಹೇಳಿರುವುದು ಇಷ್ಟು: ಬೆಳವಣಿಗೆ ಎಷ್ಟು ಮುಖ್ಯವೋ, ಹೊತ್ತಿಗೆ ಸರಿಯಾಗಿ ತೆಗೆದುಹಾಕುವುದೂ ಅಷ್ಟೇ ಮುಖ್ಯ. ಕೋಶ ಆ ಕೆಲಸದಲ್ಲಿ ಸೋತಾಗ ನಮಗೆ ಹತ್ತು ವರ್ಷದ ಅವಕಾಶ ಇರುತ್ತದೆ. ಆ ಹತ್ತು ವರ್ಷವನ್ನು ನಾಚಿಕೆಗೆ ಬಲಿ ಕೊಡಬಾರದು.